ಬಾಡಿಗೆ ನಿಂತಿದೆ, ಮನೆಯೂ ಬಿಡುತ್ತಿಲ್ಲ: ಅಡ್ವಾನ್ಸ್ ಕರಗುವ ತನಕ ಕಾಯಬೇಡಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಬೆಂಗಳೂರಿನ ನಮ್ಮ ಮನೆಯ ಕೆಳಮಹಡಿಯನ್ನು ನನ್ನ ಯಜಮಾನರು 2022ರಲ್ಲಿ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆ ತಿಂಗಳಿಗೆ 18,000, ಅಡ್ವಾನ್ಸ್ 1,50,000 ರೂಪಾಯಿ. 11 ತಿಂಗಳ ಕರಾರು ಪತ್ರ ನೋಟರಿ ಆಗಿತ್ತು, ನೋಂದಣಿ ಆಗಿರಲಿಲ್ಲ. ಅದು ಮುಗಿದ ಮೇಲೆ ಹೊಸದು ಬರೆಸಲಿಲ್ಲ, ಆದರೂ ಬಾಡಿಗೆ ಸರಿಯಾಗಿ ಬರುತ್ತಿತ್ತು. ಯಜಮಾನರು ತೀರಿಕೊಂಡ ಮೇಲೆ ನಿಂತುಹೋಯಿತು, ಈಗ ಆರು ತಿಂಗಳ ಬಾಕಿ. ಮೊದಲು ಕೇಳಿದಾಗ "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಆಂಟಿ" ಎಂದು ವಾಟ್ಸ್‌ಆ್ಯಪ್ ಮಾಡಿದರು. ಈಗ "ನಮ್ಮ ಕರಾರು ನಿಮ್ಮ ಜೊತೆ ಆಗಿಲ್ಲ, ಬೇಕಾದರೆ ಕೋರ್ಟಿಗೆ ಹೋಗಿ" ಎನ್ನುತ್ತಿದ್ದಾರೆ. ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ವಿಷಯ ಎಂದು ಕಳಿಸಿಬಿಟ್ಟರು. ನೀರು, ಕರೆಂಟ್ ನಿಲ್ಲಿಸೋಣ, ತಾನಾಗೇ ಹೋಗುತ್ತಾರೆ ಎಂಬುದು ಮಗನ ವಾದ. ಗೃಹಜ್ಯೋತಿ ಬೇರೆ ಅವರ ಆಧಾರ್‌ಗೆ ಜೋಡಣೆಯಾಗಿದೆ. 12 ವರ್ಷ ಇದ್ದವರಿಗೆ ಮನೆಯೇ ಆಗಿಬಿಡುತ್ತದೆ ಎಂದು ಅಕ್ಕಪಕ್ಕದವರು ಹೆದರಿಸುತ್ತಾರೆ. ಸ್ವಂತಕ್ಕೆ ಬೇಕು ಎಂದು ತೋರಿಸದೆ ಬಿಡಿಸಲು ಆಗುವುದಿಲ್ಲವಂತೆ, ನಿಜವೇ? ನಾನು ಏನು ಮಾಡಲಿ?

ಉತ್ತರ: ಮೊದಲು ಅಡ್ವಾನ್ಸ್ ಲೆಕ್ಕ. ಆರು ತಿಂಗಳ ಬಾಕಿ 1,08,000. ನಿಮ್ಮ ಬಳಿ ಇರುವ 1,50,000ದಲ್ಲಿ ಅದನ್ನು ಕಳೆದರೆ 42,000 ಉಳಿಯಿತು. ಇನ್ನೆರಡು ತಿಂಗಳು ಹೀಗೇ ಕಳೆದರೆ ಕೈಯಲ್ಲಿರುವುದು 6,000. ಅಷ್ಟು ಹೊತ್ತಿಗೆ ನೀರಿನ ಬಾಕಿ, ಸುಣ್ಣಬಣ್ಣ, ಮುರಿದ ನಲ್ಲಿ ಯಾವುದಕ್ಕೂ ಹಣ ಇರುವುದಿಲ್ಲ. ನನ್ನ ಬಳಿ ಬರುವ ಮನೆ ಮಾಲೀಕರಲ್ಲಿ ಬಹಳ ಮಂದಿ ಅಡ್ವಾನ್ಸ್ ಪೂರ್ತಿ ಕರಗಿದ ಮೇಲೆಯೇ ಬರುತ್ತಾರೆ. "ಅಡ್ವಾನ್ಸ್ ಇದೆಯಲ್ಲ, ಅದು ಮುಗಿದ ಮೇಲೆ ನೋಡೋಣ" ಎಂದು ಕಾದಿರುತ್ತಾರೆ. ಕೇಸು ನಡೆಯುವಷ್ಟು ಕಾಲ ನಿಮಗೆ ಆಸರೆಯಾಗಬೇಕಾದ ದುಡ್ಡು ಅದು, ಕೇಸು ಶುರುವಾಗುವ ಮೊದಲೇ ಅದನ್ನು ಮುಗಿಸಿಕೊಳ್ಳಬಾರದು. ನಿಮ್ಮ ಬಳಿ ಇನ್ನೂ ಸ್ವಲ್ಪ ಉಳಿದಿದೆ. ಹಾಗಾಗಿ ನೋಟಿಸ್ ಈ ವಾರವೇ ಹೋಗಲಿ.

ನಿಮಗೆ ಅನ್ವಯಿಸುವ ಕಾನೂನು ಯಾವುದು ಎಂಬಲ್ಲೇ ಅರ್ಧ ಗೊಂದಲ ಇದೆ. "ಸ್ವಂತಕ್ಕೆ ಬೇಕು ಎಂದು ತೋರಿಸಬೇಕು" ಎಂಬ ಮಾತು ಬಾಡಿಗೆ ನಿಯಂತ್ರಣ ಕಾನೂನಿನ ಕಾಲದ್ದು. ಈಗಿರುವ ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆ ಕಾಯ್ದೆಯ 2ನೇ ಕಲಂ ಪ್ರಕಾರ, ಬೆಂಗಳೂರಿನಂಥ ನಗರಗಳಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದರೆ, ಇತರ ಊರುಗಳಲ್ಲಿ 2,000 ಮೀರಿದರೆ, ಆ ಮನೆಗೆ ಕಾಯ್ದೆ ಅನ್ವಯಿಸುವುದೇ ಇಲ್ಲ. ಇವತ್ತು 3,500ಕ್ಕೆ ಬೆಂಗಳೂರಿನಲ್ಲಿ ಒಂದು ರೂಮು ಸಿಗುವುದೂ ಕಷ್ಟ. ಹಳೇ ಪೇಟೆಯಲ್ಲಿ ತಲೆಮಾರಿನಿಂದ ಕಡಿಮೆ ಬಾಡಿಗೆಗೆ ಇರುವವರನ್ನು ಬಿಟ್ಟರೆ ಬಹುತೇಕ ಎಲ್ಲರ ವ್ಯವಹಾರವೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಬರುತ್ತದೆ. ನಿಮ್ಮದೂ ಅಲ್ಲಿಗೇ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ಪಟ್ಟು, ನಾಲ್ಕು ಪಟ್ಟು ಬಾಡಿಗೆ ವಸೂಲಿ ಮಾಡಬಹುದು ಎಂದು ಯಾರಾದರೂ ಹೇಳಿದರೆ ಅದನ್ನು ನೆಚ್ಚಿಕೊಳ್ಳಬೇಡಿ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳದೆ ತಾನಾಗಿ ಜಾರಿಯಾಗುವುದಿಲ್ಲ.

ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬಂದರೆ ಮಾಲೀಕರಿಗೆ ಒಂದು ದೊಡ್ಡ ಅನುಕೂಲ ಇದೆ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ನಿಮ್ಮ 11 ತಿಂಗಳ ಕರಾರು ಮುಗಿದಿದೆ, ಆಮೇಲೂ ಅವರು ಬಾಡಿಗೆ ಕೊಟ್ಟರು, ನಿಮ್ಮ ಯಜಮಾನರು ತೆಗೆದುಕೊಂಡರು. 116ನೇ ಕಲಂ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ ಆಯಿತು. ಇಂಥ ಬಾಡಿಗೆಯನ್ನು 106ನೇ ಕಲಂ ಪ್ರಕಾರ 15 ದಿನಗಳ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು. ಕಾರಣ ಹೇಳಬೇಕಾಗಿಲ್ಲ. ಬಾಡಿಗೆ ಬಾಕಿ ಇದೆ ಎಂದಾಗಲೀ, ನಿಮಗೇ ಮನೆ ಬೇಕು ಎಂದಾಗಲೀ ಸಾಬೀತು ಮಾಡಬೇಕಾಗಿಲ್ಲ. ಬಾಡಿಗೆ ಸಂಬಂಧ ಇತ್ತು, ಅದನ್ನು ನೋಟಿಸ್ ಕೊಟ್ಟು ಮುಗಿಸಿದ್ದೇವೆ, ಅವರು ಮನೆ ಬಿಟ್ಟಿಲ್ಲ: ಇಷ್ಟು ತೋರಿಸಿದರೆ ಸ್ವಾಧೀನಕ್ಕೆ ಸಾಕು.

ಆದ್ದರಿಂದ ಬಾಕಿಯ ಜಗಳವನ್ನು ಮನೆ ಬಿಡಿಸುವ ಮಾತಿನ ಜೊತೆ ಕಲಸಬೇಡಿ. ಕೆಲವು ನೋಟಿಸ್‌ಗಳನ್ನು ಓದುವಾಗ ನನಗೆ ಸಂಕಟವಾಗುತ್ತದೆ. "15 ದಿನದೊಳಗೆ ಬಾಕಿ ಕಟ್ಟಿ, ತಪ್ಪಿದರೆ ಮನೆ ಖಾಲಿ ಮಾಡಿ" ಎಂದು ಬರೆದಿರುತ್ತಾರೆ. ಓದಲು ಖಡಕ್ಕಾಗಿದೆ, ಆದರೆ ಇದರಲ್ಲಿ ಬಾಡಿಗೆ ಸಂಬಂಧ ಕೊನೆಗೊಂಡೇ ಇಲ್ಲ. ಆ ವ್ಯಕ್ತಿ 14ನೇ ದಿನ ಬಾಕಿ ಕಟ್ಟಿಬಿಟ್ಟರೆ ನೋಟಿಸ್ ಅಲ್ಲಿಗೇ ಮುಗಿಯಿತು, ಮತ್ತೆ ಮೂರು ತಿಂಗಳಿಗೆ ಅದೇ ಕಥೆ. ಬಾಡಿಗೆ ಕೊಡದ್ದರಿಂದ ಕರಾರಿನ ಷರತ್ತು ಮುರಿಯಿತು, ಆದ್ದರಿಂದ ಹಕ್ಕು ಹೋಯಿತು ಎಂಬ ವಾದಕ್ಕೂ ಇದೇ ಅಪಾಯ ಇದೆ. ಅಂಥ ಕೇಸಿನ ವಿಚಾರಣೆಯಲ್ಲಿ ಬಾಡಿಗೆದಾರರು ಬಾಕಿ, ಬಡ್ಡಿ, ಖರ್ಚು ಎಲ್ಲವನ್ನೂ ಕಟ್ಟಿದರೆ 114ನೇ ಕಲಂ ಪ್ರಕಾರ ನ್ಯಾಯಾಲಯ ಅವರಿಗೆ ಮಾಫಿ ಕೊಡಬಹುದು. ಕರಾರಿನ ಅವಧಿ ಇನ್ನೂ ನಡೆಯುತ್ತಿರುವವರು ಬೇರೆ ದಾರಿ ಇಲ್ಲದೆ ಆ ಹಾದಿ ಹಿಡಿಯಬೇಕಾಗುತ್ತದೆ, ಇಲ್ಲವೇ ಕರಾರಿನಲ್ಲೇ ಬರೆದ ಬಿಡುಗಡೆ ಷರತ್ತನ್ನು ಬಳಸಬೇಕಾಗುತ್ತದೆ. ನಿಮಗೆ ಆ ಕಷ್ಟ ಇಲ್ಲ.

ನೋಟಿಸ್‌ನ ಮುಖ್ಯ ಸಾಲುಗಳು ಹೀಗಿದ್ದರೆ ಸಾಕು: "ಈ ಕೆಳಗೆ ವಿವರಿಸಿದ ಮನೆಯಲ್ಲಿ ನೀವು ತಿಂಗಳಿಂದ ತಿಂಗಳಿಗೆ ಬಾಡಿಗೆದಾರರಾಗಿದ್ದೀರಿ. ಈ ನೋಟಿಸ್ ನಿಮಗೆ ತಲುಪಿದ ದಿನದಿಂದ 15 ದಿನಗಳು ಮುಗಿದ ಕೂಡಲೇ ಈ ಬಾಡಿಗೆ ಸಂಬಂಧ ಕೊನೆಗೊಳ್ಳುತ್ತದೆ. ಅಷ್ಟರೊಳಗೆ ಮನೆ ಖಾಲಿ ಮಾಡಿ ಸ್ವಾಧೀನವನ್ನು ನಮಗೆ ಒಪ್ಪಿಸಬೇಕು." ಇದಾದ ಮೇಲೆ ಬೇರೆ ಪ್ಯಾರಾದಲ್ಲಿ ಬಾಕಿ ಎಷ್ಟು, ಯಾವ್ಯಾವ ತಿಂಗಳದ್ದು ಎಂದು ಬರೆಯಿರಿ. ಮತ್ತೊಂದು ಪ್ಯಾರಾದಲ್ಲಿ, ಅವಧಿ ಮುಗಿದ ಮೇಲೂ ಇದ್ದರೆ ತಿಂಗಳಿಗೆ ಇಂತಿಷ್ಟು ನಷ್ಟ ಪರಿಹಾರ ಕೇಳುತ್ತೇವೆ ಎಂದು ತಿಳಿಸಿ. ಅಡ್ವಾನ್ಸನ್ನು ಈಗಲೇ ಬಾಕಿಗೆ ವಜಾ ಮಾಡಿದ್ದೇವೆ ಎಂದು ಬರೆಯಬೇಡಿ. ಮನೆ ಒಪ್ಪಿಸುವ ದಿನ ಬಾಕಿ, ಕರೆಂಟ್, ನೀರು, ರಿಪೇರಿ ಎಲ್ಲ ಕಳೆದು ಲೆಕ್ಕ ತೀರಿಸುತ್ತೇವೆ ಎಂದಷ್ಟೇ ಇರಲಿ. 15 ದಿನ ಎಂಬುದು ಕನಿಷ್ಠ, ನಾನು ಸಾಮಾನ್ಯವಾಗಿ ಕೆಲವು ದಿನ ಹೆಚ್ಚೇ ಕೊಡುತ್ತೇನೆ. 2003ರ ತಿದ್ದುಪಡಿಯಾದ ಮೇಲೆ, ನೋಟಿಸ್‌ನಲ್ಲಿ ಒಂದೆರಡು ದಿನ ಕಡಿಮೆ ನಮೂದಾಗಿದ್ದರೂ 15 ದಿನ ಕಳೆದೇ ದಾವೆ ಹಾಕಿದ್ದರೆ ನೋಟಿಸ್ ಬಿದ್ದುಹೋಗುವುದಿಲ್ಲ.

ನೋಟಿಸ್ ತಲುಪಿಸುವುದರಲ್ಲಿ ಆಟ ಆಡುವವರು ಇದ್ದಾರೆ. ಅಂಚೆ ಇಲಾಖೆ 2025ರ ಸೆಪ್ಟೆಂಬರ್‌ನಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ, ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲೇ ನೋಂದಣಿ ಮತ್ತು ಸ್ವೀಕೃತಿ ಸೌಲಭ್ಯ ಕೇಳಿ ಕಳಿಸಿ. "ಬಾಗಿಲು ಹಾಕಿತ್ತು", "ತೆಗೆದುಕೊಳ್ಳಲು ಒಪ್ಪಲಿಲ್ಲ" ಎಂಬ ಶರಾ ಬರೆದು ಲಕೋಟೆ ವಾಪಸ್ ಬಂದರೆ ಅದನ್ನು ಒಡೆಯಬೇಡಿ, ಹಾಗೆಯೇ ವಕೀಲರಿಗೆ ಕೊಡಿ. ಅದು ಕೋರ್ಟಿನಲ್ಲಿ ದಾಖಲೆಯಾಗಿ ಹಾಜರಾಗಬೇಕು. ಸರಿಯಾದ ವಿಳಾಸಕ್ಕೆ ಕಳಿಸಿ ಅವರು ಬೇಕೆಂದೇ ತಪ್ಪಿಸಿಕೊಂಡರೆ ತಲುಪಿದಂತೆಯೇ ಎಂದು ನ್ಯಾಯಾಲಯಗಳು ಪರಿಗಣಿಸುತ್ತವೆ. ಮನೆಯವರ ಕೈಗೆ ಖುದ್ದಾಗಿ ಕೊಡುವುದೂ ಆಗುತ್ತದೆ. ಅದೂ ಸಾಧ್ಯವಾಗದಿದ್ದರೆ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಲು 106ನೇ ಕಲಮ್ಮೇ ಅವಕಾಶ ಕೊಟ್ಟಿದೆ. ಅಂಟಿಸಿದರೆ ತಾರೀಖು ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ, ಪಕ್ಕದವರೊಬ್ಬರು ಸಾಕ್ಷಿಗೆ ಇರಲಿ.

ಇನ್ನು ನೋಟಿಸ್ ತಲುಪಿದ ಮೇಲಿನ ಮಾತು. ಆರು ತಿಂಗಳು ಒಂದು ರೂಪಾಯಿ ಕೊಡದವರು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಮ್ಮ ಫೋನ್‌ಪೇಗೆ 18,000 ಹಾಕುತ್ತಾರೆ, ಕೆಳಗೆ "ಈ ತಿಂಗಳ ಬಾಡಿಗೆ" ಎಂದು ಬರೆದಿರುತ್ತಾರೆ. ಮಾಲೀಕರಿಗೆ ಸಮಾಧಾನವಾಗುತ್ತದೆ, ಸುಮ್ಮನಾಗುತ್ತಾರೆ. ನೋಟಿಸ್ ಅವಧಿ ಮುಗಿದ ನಂತರದ ಬಾಡಿಗೆಯನ್ನು ಬಾಡಿಗೆ ಎಂದೇ ಸ್ವೀಕರಿಸಿದರೆ ನೋಟಿಸ್ಸನ್ನು ಬಿಟ್ಟುಕೊಟ್ಟಂತೆ ಎಂದು ವಾದಿಸಲು 113ನೇ ಕಲಂನಲ್ಲಿ ಅವಕಾಶ ಇದೆ. ಹಣ ವಾಪಸ್ ಕಳಿಸಬೇಕೆಂದೇನಿಲ್ಲ. ಅದೇ ದಿನ, ಅದೇ ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಹಾಕಿ: "ನಿಮ್ಮಿಂದ 18,000 ಬಂದಿದೆ. ಇದನ್ನು ನಮ್ಮ ನೋಟಿಸ್‌ಗೆ ಬಾಧಕವಿಲ್ಲದೆ, ಹಳೆಯ ಬಾಕಿ ಮತ್ತು ಬಳಕೆಯ ನಷ್ಟ ಪರಿಹಾರದ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ, ಬಾಡಿಗೆಯಾಗಿ ಅಲ್ಲ." ಎರಡು ನಿಮಿಷದ ಕೆಲಸ, ಇದನ್ನು ಮಾಡದವರು ಕೋರ್ಟಿನಲ್ಲಿ ಬೇಡದ ವಾದಕ್ಕೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಹಾಗೆಯೇ ಮೊದಲ ನೋಟಿಸ್ ಮುಗಿದ ಮೇಲೆ ಕೋಪದಲ್ಲಿ ಎರಡನೆಯದನ್ನು ಕಳಿಸಬೇಡಿ. ಅವರನ್ನು ಬಾಡಿಗೆದಾರರೆಂದೇ ಕರೆದು ಮತ್ತೊಂದು ಖಾಲಿ ಮಾಡುವ ನೋಟಿಸ್ ಕೊಟ್ಟರೆ ಮೊದಲನೆಯದು ಹೋಯಿತು ಎಂದು ಅದೇ ಕಲಂನ ಉದಾಹರಣೆಯಲ್ಲಿ ನೇರವಾಗಿ ಹೇಳಿದೆ.

"ಕರಾರು ನಿಮ್ಮ ಜೊತೆ ಆಗಿಲ್ಲ" ಎಂಬ ಮಾತಿಗೆ ಹೆದರಬೇಡಿ. ಮಾಲೀಕರು ತೀರಿಕೊಂಡರೆ ಬಾಡಿಗೆ ಸಂಬಂಧ ಸಾಯುವುದಿಲ್ಲ, ಅವರ ವಾರಸುದಾರರು ಮಾಲೀಕರ ಸ್ಥಾನಕ್ಕೆ ಬರುತ್ತಾರೆ. ನಿಮ್ಮ ಯಜಮಾನರಿಂದ ಬಾಡಿಗೆಗೆ ಪಡೆದು ಒಳಗೆ ಬಂದವರು, ಮನೆಯಲ್ಲಿ ಇರುವಷ್ಟು ಕಾಲ, ಆ ಬಾಡಿಗೆ ಶುರುವಾದಾಗ ಯಜಮಾನರಿಗೆ ಮಾಲೀಕತ್ವ ಇರಲಿಲ್ಲ ಎಂದು ತಕರಾರು ತೆಗೆಯುವ ಹಾಗಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 116ನೇ ಕಲಂನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 122ನೇ ಕಲಂನಲ್ಲಿದೆ. ಅವರು ಕೇಳಬಹುದಾದದ್ದು ಒಂದೇ: ನೀವು ವಾರಸುದಾರರು ಎಂಬುದಕ್ಕೆ ಆಧಾರ ಏನು? ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಪ್ರತಿಯನ್ನು ನೋಟಿಸ್ ಜೊತೆಗೇ ಲಗತ್ತಿಸಿ, ಆ ಬಾಯಿ ಮುಚ್ಚಿಸಿ. ಸಹಮಾಲೀಕರಲ್ಲಿ ಒಬ್ಬರೇ ದಾವೆ ಹಾಕಿದರೂ ನಡೆಯುತ್ತದೆ, ಉಳಿದವರ ವಿರೋಧ ಇರಬಾರದು ಅಷ್ಟೇ. ಆದರೂ ನೀವು, ಮಗ, ಮಗಳು ಮೂವರ ಹೆಸರಿನಲ್ಲೂ ನೋಟಿಸ್ ಹೋಗಲಿ ಎಂಬುದು ನನ್ನ ಸಲಹೆ. ನಾಳೆ ಪ್ರತಿವಾದಿ ಮಗನನ್ನೋ ಮಗಳನ್ನೋ ಪ್ರತ್ಯೇಕವಾಗಿ ಮಾತಾಡಿಸಿ ಒಡಕು ಹುಡುಕುವುದು ತಪ್ಪುತ್ತದೆ.

ಅವರ ಹಳೇ ಮೆಸೇಜನ್ನೇ ಮತ್ತೊಮ್ಮೆ ಓದಿ ನೋಡಿ. "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಆಂಟಿ." ಈ ಒಂದು ಸಾಲಿನಲ್ಲಿ ಅವರು ನಿಮ್ಮನ್ನು ಮಾಲೀಕರೆಂದು ಒಪ್ಪಿದ್ದಾರೆ, ಅಡ್ವಾನ್ಸ್ ಕೊಟ್ಟದ್ದನ್ನು ಒಪ್ಪಿದ್ದಾರೆ, ಬಾಡಿಗೆ ಬಾಕಿ ಇರುವುದನ್ನೂ ಒಪ್ಪಿದ್ದಾರೆ. ಇದು ಬಂದದ್ದು ಯಜಮಾನರು ಹೋದ ಮೇಲೆ, ನಿಮ್ಮ ಮೊಬೈಲಿಗೆ. "ಕರಾರು ನಿಮ್ಮ ಜೊತೆ ಆಗಿಲ್ಲ" ಎಂಬುದಕ್ಕೆ ಅವರದೇ ಕೈಬರಹದ ಉತ್ತರ. ಆದ್ದರಿಂದ ಆ ಫೋನನ್ನು ಬದಲಿಸಬೇಡಿ, ರಿಪೇರಿಗೆ ಕೊಡಬೇಡಿ, ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ಮಾತ್ರ ತೆಗೆದಿಟ್ಟು ಮೂಲ ಕಳೆದುಕೊಂಡವರು ಪೇಚಾಡುತ್ತಾರೆ. ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರ ನಮೂನೆ ವಕೀಲರ ಬಳಿ ಇರುತ್ತದೆ. ಯಜಮಾನರ ಬ್ಯಾಂಕ್ ಖಾತೆಯಲ್ಲಿ ತಿಂಗಳು ತಿಂಗಳು 18,000 ಜಮೆಯಾದ ಸ್ಟೇಟ್‌ಮೆಂಟನ್ನೂ ಈಗಲೇ ತೆಗೆಸಿ, ಖಾತೆ ಮುಚ್ಚಿದ ಮೇಲೆ ಅಲೆದಾಟ ಹೆಚ್ಚು.

ಕರಾರು ನೋಂದಣಿಯಾಗಿಲ್ಲ ಎಂಬ ಚಿಂತೆಯೂ ಬೇಡ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, 11 ತಿಂಗಳದ್ದಕ್ಕೆ ಅಲ್ಲ. ಎಲ್ಲರೂ 11 ತಿಂಗಳು ಎಂದೇ ಬರೆಸುವುದು ಅದಕ್ಕಾಗಿ. ನೀವು ನೋಡಬೇಕಾದದ್ದು ಛಾಪಾ ಕಾಗದದ ಮೌಲ್ಯ. ಬಾಡಿಗೆ, ಅಡ್ವಾನ್ಸ್ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸ್ಟ್ಯಾಂಪ್ ಶುಲ್ಕ ಕಟ್ಟಬೇಕು, ಅಂಗಡಿಯವರು ಕೊಟ್ಟ ಮೌಲ್ಯದ ಇ-ಸ್ಟ್ಯಾಂಪ್ ಮೇಲೆ ಬರೆಸಿಬಿಡುವುದು ನಮ್ಮಲ್ಲಿ ರೂಢಿ. ನೋಟರಿ ಮೊಹರು ಈ ಕೊರತೆಯನ್ನು ತುಂಬುವುದಿಲ್ಲ. ಕೊರತೆ ಇದ್ದರೆ ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಕೊರತೆಯ ಮೊತ್ತ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆ ಅದು ಸಾಕ್ಷ್ಯವಾಗುತ್ತದೆ. ಮನೆ ಬಾಡಿಗೆಯ ಕರಾರಿನಲ್ಲಿ ಇದು ಭರಿಸಬಹುದಾದ ಮೊತ್ತವೇ. ಪತ್ರದಲ್ಲಿ ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಷನ್ ಷರತ್ತು ಇದೆಯೇ ಎಂದೂ ಓದಿ ನೋಡಿ. ಇಂಟರ್‌ನೆಟ್ಟಿನಿಂದ ನಕಲು ಮಾಡಿದ ಕರಾರುಗಳಲ್ಲಿ ಅದು ನುಸುಳಿರುತ್ತದೆ. ಇದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆಗೆ ಬರುವ ಬಾಡಿಗೆ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸಬಹುದು ಎಂಬ 2020ರ ಸುಪ್ರೀಂ ಕೋರ್ಟ್ ತೀರ್ಪಿನ ನೆಪದಲ್ಲಿ ಅವರು ದಾವೆಗೆ ಅಡ್ಡಗಾಲು ಹಾಕಬಹುದು.

ಈಗ ಮಗನ ಮಾತಿಗೆ ಬರುತ್ತೇನೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ತಂದೆ ಕಟ್ಟಿಸಿದ ಮನೆ, ತಾಯಿಗೆ ಬರಬೇಕಾದ ಹಣ. ಆದರೂ ನೀರಿನ ವಾಲ್ವ್ ತಿರುಗಿಸುವುದು, ಫ್ಯೂಸ್ ಕೀಳುವುದು, ಅವರು ಊರಿಗೆ ಹೋದಾಗ ಬೇರೆ ಬೀಗ ಹಾಕುವುದು, "ನಮ್ಮ ಹುಡುಗರು ನೋಡ್ಕೋತಾರೆ ಬಿಡಿ" ಎನ್ನುವ ಬ್ರೋಕರ್ ಮಾತು ನಂಬುವುದು, ಇವು ಯಾವುದೂ ಬೇಡವೇ ಬೇಡ. ಬಾಡಿಗೆ ಕೊಡದವರನ್ನೂ ಕಾನೂನಿನ ದಾರಿಯಲ್ಲೇ ಬಿಡಿಸಬೇಕು. ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಅವರು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು, ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಬರುವುದಿಲ್ಲ. ದಾರಿಗೆ ಅಡ್ಡ ನಿಂತರೆ, ಒಳಗೆ ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ ಕೆಳಗೆ ಮಗನ ಮೇಲೆಯೇ ದೂರು ದಾಖಲಾಗುತ್ತದೆ. ಆಗ ನಿಮ್ಮ ಕೇಸಿಗಿಂತ ಅವರ ಕೇಸು ಮುಂದೆ ಓಡುತ್ತದೆ, ಕೊನೆಗೆ "ನಿಮ್ಮದನ್ನು ನೀವು ವಾಪಸ್ ತಗೊಳ್ಳಿ, ನಮ್ಮದನ್ನು ನಾವು ತಗೋತೀವಿ" ಎಂಬ ಚೌಕಾಸಿಗೆ ನೀವು ತಲೆಬಾಗಬೇಕಾಗುತ್ತದೆ. ಕರೆಂಟ್ ಬಿಲ್ ಕಟ್ಟುವುದು ಅವರ ಹೊಣೆಯಾಗಿದ್ದು, ಅವರು ಕಟ್ಟದೆ ಬೆಸ್ಕಾಂನವರೇ ಬಂದು ಸಂಪರ್ಕ ಕಡಿತ ಮಾಡಿದರೆ ಅದು ಬೇರೆ ಮಾತು, ಅದರಲ್ಲಿ ನಿಮ್ಮ ಕೈವಾಡ ಇಲ್ಲ. ಬಾಕಿ ಮಾತ್ರ ಕೊನೆಗೆ ಮೀಟರಿನ ಹಿಂದೆಯೇ ಬರುವುದರಿಂದ ಪ್ರತಿ ತಿಂಗಳ ಬಿಲ್ಲನ್ನು ನಿಮ್ಮ ಆರ್.ಆರ್. ಸಂಖ್ಯೆ ಹಾಕಿ ನೋಡುತ್ತಿರಿ.

ನೋಟಿಸ್ ಕಂಡ ಕೂಡಲೇ ಅವರು "ಬಲವಂತವಾಗಿ ಬಿಡಿಸುತ್ತಿದ್ದಾರೆ" ಎಂದು ತಡೆಯಾಜ್ಞೆಗೆ ಓಡುವ ಸಾಧ್ಯತೆಯೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂನಡಿ ಕೇವಿಯಟ್ ಹಾಕಿಸಿ, ಅದು 90 ದಿನ ಇರುತ್ತದೆ, ನಿಮ್ಮ ಮಾತು ಕೇಳದೆ ಆದೇಶ ಆಗುವುದಿಲ್ಲ. ಅವರು ದಾವೆ ಹಾಕಿದರೆ "ಕಾನೂನು ಪ್ರಕಾರವಲ್ಲದೆ ಬಿಡಿಸುವುದಿಲ್ಲ" ಎಂದು ನಿಮ್ಮ ವಕೀಲರು ಹೇಳಿಕೆ ಕೊಟ್ಟರೆ ಸಾಮಾನ್ಯವಾಗಿ ಆ ದಾವೆಯಲ್ಲಿ ಉಳಿಯುವುದು ಏನೂ ಇಲ್ಲ.

ಠಾಣೆಯವರು ಹೇಳಿದ್ದು ಬೇಸರ ತರಿಸಿದರೂ ಕಾನೂನಿನ ಪ್ರಕಾರ ಸರಿ. ಬಾಡಿಗೆ ಕೊಡದಿರುವುದಷ್ಟರಿಂದಲೇ ವಂಚನೆಯ ಅಪರಾಧ ಆಗುವುದಿಲ್ಲ, ಅದಕ್ಕೆ ಸಿವಿಲ್ ಪರಿಹಾರ ಇದೆ ಎಂದು ಸುಪ್ರೀಂ ಕೋರ್ಟ್ 2022ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದೆ. ಬೆದರಿಕೆ ಹಾಕಿದರೆ, ಮನೆಯ ಫಿಟ್ಟಿಂಗ್ ಕಿತ್ತರೆ ಮಾತ್ರ ಪೊಲೀಸರಿಗೆ ದೂರು ಕೊಡಿ. ಅವರು ಬಾಕಿಗೆ ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಕ್ರಿಮಿನಲ್ ದಾರಿ ತೆರೆಯುತ್ತದೆ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿ 15 ದಿನದಲ್ಲಿ ಹಣ ಬರದಿದ್ದರೆ ಒಂದು ತಿಂಗಳೊಳಗೆ ದೂರು. ಈ ಗಡುವುಗಳನ್ನು ತಪ್ಪಿಸಬೇಡಿ.

ನೋಟಿಸ್ ಅವಧಿ ಮುಗಿದರೂ ಬಿಡದಿದ್ದರೆ ದಾವೆ. ಬೆಂಗಳೂರಿನಲ್ಲಿ ಇಂಥ ದಾವೆಗಳು ಹೆಚ್ಚಾಗಿ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಬಾಡಿಗೆ ಅವಧಿ ಮುಗಿಯಿತೇ, ನೋಟಿಸ್‌ನಿಂದ ಕೊನೆಗೊಂಡಿತೇ ಎಂಬುದಷ್ಟೇ ಮುಖ್ಯ ಪ್ರಶ್ನೆಯಾಗಿರುವ ದಾವೆಗಳನ್ನು ಆ ಕೋರ್ಟು ಕೇಳುತ್ತದೆ. ಮನೆಯ ಬೆಲೆ ಕೋಟಿಯಲ್ಲಿದ್ದರೂ ಕೋರ್ಟ್ ಶುಲ್ಕ ಅದರ ಮೇಲೆ ಅಲ್ಲ. ಸ್ವಾಧೀನದ ಕೋರಿಕೆಗೆ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ, ಅಂದರೆ ನಿಮ್ಮ ಸಂದರ್ಭದಲ್ಲಿ 2,16,000ದ ಮೇಲೆ ಶುಲ್ಕ ಲೆಕ್ಕವಾಗುತ್ತದೆ. ಬಾಕಿ ಹಣ ಕೇಳಿದರೆ ಅದಕ್ಕೆ ಪ್ರತ್ಯೇಕ. ಎಷ್ಟು ದಿನ ಎಂದು ನೀವು ಕೇಳಿಲ್ಲ, ಆದರೆ ಅದೇ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ಪ್ರತಿವಾದಿ ಹಾಜರಾಗದಿದ್ದರೆ ಬೇಗ ಮುಗಿಯುತ್ತದೆ. ಹಟ ಹಿಡಿದು ನಡೆಸಿದರೆ ವರ್ಷ ದಾಟುತ್ತದೆ, ಮೇಲಿನ ಕೋರ್ಟಿಗೆ ಹೋದರೆ ಇನ್ನೂ ಮುಂದಕ್ಕೆ. ಇದನ್ನು ಮುಚ್ಚಿಟ್ಟು ಎರಡು ತಿಂಗಳಲ್ಲಿ ಬಿಡಿಸಿಕೊಡುತ್ತೇನೆ ಎನ್ನುವವರ ಮಾತು ನಂಬಬೇಡಿ.

ಕಾಲ ಎಳೆದಷ್ಟೂ ಅವರಿಗೆ ಲಾಭವಾಗದಂತೆ ನೋಡಿಕೊಳ್ಳುವುದು ವಕೀಲರ ಕೆಲಸ. ದಾವೆ ನಡೆಯುವಾಗಲೇ ಒಪ್ಪಿಕೊಂಡ ಬಾಡಿಗೆಯನ್ನು ತಿಂಗಳು ತಿಂಗಳು ಕೋರ್ಟಿನಲ್ಲಿ ಜಮಾ ಮಾಡಿಸಬೇಕೆಂದು ಅರ್ಜಿ ಹಾಕಿಸಿ. ಆರು ತಿಂಗಳು ಪುಕ್ಕಟೆ ಇದ್ದವರಿಗೆ ಆ ಆದೇಶ ಬಂದ ದಿನವೇ ಮನೆ ಬಿಡುವ ಮನಸ್ಸು ಬರುವುದನ್ನು ನಾನು ಕಂಡಿದ್ದೇನೆ. ಅವರ ಲಿಖಿತ ಹೇಳಿಕೆಯಲ್ಲೇ ಬಾಡಿಗೆ ಸಂಬಂಧ, ನೋಟಿಸ್ ತಲುಪಿದ್ದು ಎರಡನ್ನೂ ಒಪ್ಪಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 12 ನಿಯಮ 6ರ ಪ್ರಕಾರ ಪೂರ್ತಿ ವಿಚಾರಣೆ ಇಲ್ಲದೆ ತೀರ್ಪು ಕೇಳಬಹುದು. ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ ಅವರು ಕೊಡಬೇಕಾದದ್ದು 18,000 ಬಾಡಿಗೆ ಅಲ್ಲ, ನಷ್ಟ ಪರಿಹಾರ. ಆ ರಸ್ತೆಯಲ್ಲಿ ಇವತ್ತು ಅಂಥ ಮನೆಗೆ 25,000 ನಡೆಯುತ್ತಿದ್ದರೆ ಅದನ್ನೇ ಕೇಳಿ, ಅಕ್ಕಪಕ್ಕದ ಎರಡು ಕರಾರಿನ ಪ್ರತಿ ಸಿಕ್ಕರೆ ಸಾಕ್ಷ್ಯಕ್ಕೆ ಆಯಿತು. ಡಿಕ್ರಿಯಾದ ಮೇಲೆ ಮೇಲ್ಮನವಿಯಲ್ಲಿ ತಡೆ ಕೇಳುವವರು ಮಾರುಕಟ್ಟೆ ದರದಲ್ಲಿ ಹಣ ಕಟ್ಟಬೇಕೆಂದು ಷರತ್ತು ಹಾಕಬಹುದು ಎಂಬುದು ಆತ್ಮಾ ರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದ ವಿಷಯ.

ರಾಜಿಗೆ ಬಾಗಿಲು ಮುಚ್ಚಬೇಡಿ. ನನ್ನನ್ನು ಕೇಳಿದರೆ, ಮುಂದಿನ ತಿಂಗಳ ಕೊನೆಗೆ ಬೀಗದ ಕೈ ಕೊಡುವುದಾದರೆ ಎರಡು ತಿಂಗಳ ಬಾಕಿ ಬಿಟ್ಟರೂ ನಿಮಗೆ ಲಾಭವೇ. ಆ 36,000 ಕೇಸಿನ ಖರ್ಚಿಗಿಂತ, ಮೈಸೂರಿನಿಂದ ಓಡಾಡುವ ಆಯಾಸಕ್ಕಿಂತ ಕಡಿಮೆ. ಆದರೆ ರಾಜಿಯನ್ನು ಬಿಳಿ ಹಾಳೆಯ ಮೇಲೆ ಬರೆಸಿಕೊಳ್ಳಬೇಡಿ. ಮಹಿಳೆಯಾದ ನಿಮಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆ ಹಾಕುವ ಮೊದಲೇ ಅವರನ್ನು ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಕೊಟ್ಟ ತಾರೀಖಿಗೆ ಬಿಡದಿದ್ದರೆ ನೇರ ಅಮಲ್ಜಾರಿಗೆ, ಅಂದರೆ ಆದೇಶವನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲು ಹೋಗಬಹುದು. ದಾವೆ ಹೂಡಿದ ನಂತರ ರಾಜಿಯಾದರೆ ಕಟ್ಟಿದ ಶುಲ್ಕವೂ ವಾಪಸ್ ಬರುತ್ತದೆ.

ಡಿಕ್ರಿ ಕೈಗೆ ಬಂದರೂ ಮನೆ ಕೈಗೆ ಬಂದಿರುವುದಿಲ್ಲ. ಅಮಲ್ಜಾರಿ ಅರ್ಜಿ ಹಾಕಿ ಡೆಲಿವರಿ ವಾರಂಟ್ ಪಡೆಯಬೇಕು. ಕೋರ್ಟಿನ ಅಮೀನರು ವಾರಂಟ್ ಹಿಡಿದು ಮನೆಗೆ ಬರುತ್ತಾರೆ. ಗೊತ್ತಿದ್ದೇ ಬಾಗಿಲು ಹಾಕಿಕೊಂಡಿದ್ದರೆ ವರದಿ ಬರೆದು ಹೋಗುತ್ತಾರೆ, ಆಗ ಬೀಗ ಒಡೆಯಲು ಮತ್ತು ಪೊಲೀಸ್ ನೆರವಿಗೆ ಅರ್ಜಿ ಹಾಕಿ ಮತ್ತೆ ಆದೇಶ ಪಡೆಯಬೇಕು. ಒಳಗಿನ ಸಾಮಾನು ಒಂದೊಂದನ್ನೂ ಪಟ್ಟಿ ಮಾಡಿ ಮಹಜರು ಬರೆಯುತ್ತಾರೆ, ಸಾಕ್ಷಿಗಳ ಸಹಿ ಆಗುತ್ತದೆ, ಆಮೇಲೆ ನೀವು ನಿಮ್ಮ ಬೀಗ ಹಾಕಬೇಕು. ಅವತ್ತು ನೀವೋ ಮಗನೋ ಅಲ್ಲಿರಲೇಬೇಕು. ಹೊಸ ಬೀಗ, ಬೀಗ ತೆಗೆಯುವವರು, ಸಾಮಾನು ಹೊರಗಿಡಲು ಇಬ್ಬರು ಆಳು, ಇವನ್ನು ಮೊದಲೇ ಹೊಂದಿಸಿಕೊಳ್ಳಿ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಮುಂದೂಡಿಕೆ ಕೇಳಿದಾಗಲೆಲ್ಲ ನಿಮ್ಮ ವಕೀಲರು ಅದನ್ನು ನೆನಪಿಸಲಿ.

12 ವರ್ಷದ ಮಾತು ಸುಳ್ಳು. ಬಾಡಿಗೆದಾರರು ನಿಮ್ಮ ಅನುಮತಿಯಿಂದ ಒಳಗಿದ್ದವರು, ಎಷ್ಟು ವರ್ಷ ಇದ್ದರೂ ಬಾಡಿಗೆದಾರರಾಗಿಯೇ ಇರುತ್ತಾರೆ. ಗೃಹಜ್ಯೋತಿಗೆ ಆಧಾರ್ ಜೋಡಿಸಿದರೆ ಅಲ್ಲಿ ವಾಸ ಇದ್ದಾರೆ ಎಂದಷ್ಟೇ ಅರ್ಥ, ಮಾಲೀಕತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವರು ಹೋಗುವ ದಿನ ಆ ಜೋಡಣೆ ತೆಗೆಸಲು ಮರೆಯಬೇಡಿ. 12 ವರ್ಷ ಎಂಬ ಅಂಕಿ ಬೇರೆ ಕಡೆ ಇದೆ: ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ ಅಷ್ಟರೊಳಗೆ ಸ್ವಾಧೀನದ ದಾವೆ ಹಾಕಬೇಕು. ಬಾಡಿಗೆ ಬಾಕಿಗೆ ಮಾತ್ರ ಅವಧಿ ಮೂರೇ ವರ್ಷ, ಅದೂ ಒಂದೊಂದು ತಿಂಗಳ ಬಾಕಿಗೆ ಅದದೇ ತಿಂಗಳಿನಿಂದ.

ಆದಾಯ ತೆರಿಗೆಯ ಕಡೆಯೂ ನೋಡಿಕೊಳ್ಳಿ. ಬಾರದ ಬಾಡಿಗೆಯನ್ನು ಆದಾಯದಿಂದ ಬಿಡಿಸಿಕೊಳ್ಳಬೇಕಾದರೆ, ಬಿಡಿಸಲು ಮತ್ತು ವಸೂಲಿಗೆ ನೀವು ಕ್ರಮ ಕೈಗೊಂಡದ್ದಕ್ಕೆ ದಾಖಲೆ ಬೇಕು. ನೋಟಿಸ್ ಮತ್ತು ದಾವೆಯ ಪ್ರತಿ ನಿಮ್ಮ ಆಡಿಟರ್ ಕೈಗೂ ಹೋಗಲಿ. ವಕೀಲರ ಬಳಿಗೆ ಹೋಗುವಾಗ ಕರಾರಿನ ಮೂಲ ಪ್ರತಿ, ಮನೆಯ ಕ್ರಯಪತ್ರ, ಖಾತೆ, ಮರಣ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆ ಮೆಸೇಜ್ ಇರುವ ಫೋನು ಜೊತೆಗಿರಲಿ. ನೋಟಿಸ್ ಹೋದ ಮೇಲೆ ಅವರ ಜೊತೆ ಫೋನಿನಲ್ಲಿ ಮಾತು ಬೆಳೆಸಬೇಡಿ, ಹೇಳುವುದೇನಿದ್ದರೂ ಬರಹದಲ್ಲಿರಲಿ.